ಡಬ್ಬಿ ಹುಡುಕುವ ಆಟ ನಮ್ಮನ್ನು ಸ್ಮಾರಕಗಳಿಗೆ ಕರೆದೊಯ್ದದ್ದು: ಜಿಯೋಕ್ಯಾಷಿಂಗ್ ಆ್ಯಪ್ ವಿಮರ್ಶೆ

ನ್ಯೂಜೆರ್ಸಿಯಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ಕನ್ನಡದ ತಂದೆತಾಯಿಯರಿಗೆ ಒಂದೇ ಒಂದು ಆ್ಯಪ್ ಸೂಚಿಸು ಎಂದರೆ ನಾನು ಜಿಯೋಕ್ಯಾಷಿಂಗ್ ಹೆಸರು ಹೇಳುತ್ತೇನೆ. ಐದರಲ್ಲಿ ನಾಲ್ಕೂವರೆ ನಕ್ಷತ್ರ ಕೊಡುತ್ತೇನೆ. ಕಾಡಿನಲ್ಲಿ ಡಬ್ಬಿ ಹುಡುಕುವ ಸಂತೋಷಕ್ಕೆ ಮೂರು ನಕ್ಷತ್ರ ಸಾಕಾಗಿತ್ತು. ಉಳಿದ ಒಂದೂವರೆ, 2001ರ ಸೆಪ್ಟೆಂಬರ್ 11ರ ಭಯೋತ್ಪಾದಕ ದಾಳಿಯಲ್ಲಿ ಈ ರಾಜ್ಯ ಏನನ್ನು ಕಳೆದುಕೊಂಡಿತು ಎಂಬುದನ್ನು ನನ್ನ ಮಗಳಿಗೆ ತೋರಿಸಿಕೊಟ್ಟದ್ದಕ್ಕೆ.

ಆಟ ಸರಳ. ಯಾರೋ ಒಂದು ಡಬ್ಬಿಯನ್ನು ಬಂಡೆಯ ಸಂದಿಯಲ್ಲೋ ಮರದ ಪೊಟರೆಯಲ್ಲೋ ಅಡಗಿಸಿ, ಆ ಜಾಗದ ಅಕ್ಷಾಂಶ ರೇಖಾಂಶಗಳನ್ನು ಪ್ರಕಟಿಸುತ್ತಾರೆ. ನೀವು ಫೋನ್ ಹಿಡಿದು ಹೋಗಿ ಹುಡುಕಿ, ಒಳಗಿನ ಪುಸ್ತಕದಲ್ಲಿ ಹೆಸರು ಬರೆದು, ಡಬ್ಬಿಯನ್ನು ಇದ್ದಲ್ಲೇ ಇಟ್ಟು ಬರಬೇಕು. ಒಳಗಿನ ಆಟಿಕೆಯೊಂದನ್ನು ತೆಗೆದುಕೊಂಡರೆ ಅಷ್ಟೇ ಬೆಲೆಯ ಇನ್ನೊಂದನ್ನು ಬಿಡಬೇಕು. ಮೊದಲು ಅಮೆರಿಕ ಸರ್ಕಾರ ಜನಸಾಮಾನ್ಯರ ಜಿಪಿಎಸ್ ಸಂಕೇತವನ್ನು ಬೇಕೆಂದೇ ಮಸುಕುಗೊಳಿಸುತ್ತಿತ್ತು, ಜಾಗ ನಿಖರವಾಗಿ ತಿಳಿಯುತ್ತಿರಲಿಲ್ಲ. 2000ದ ಮೇ ಆರಂಭದಲ್ಲಿ ಅಧ್ಯಕ್ಷ ಬಿಲ್ ಕ್ಲಿಂಟನ್ ಅದನ್ನು ನಿಲ್ಲಿಸಿದ ಬೆನ್ನಿಗೇ, ಮೇ 3ರಂದು, ಡೇವ್ ಅಲ್ಮರ್ ಎಂಬವರು ಆರೆಗಾನ್‌ನ ಬೀವರ್‌ಕ್ರೀಕ್ ಬಳಿ ಒಂದು ಬಕೆಟ್ ಅಡಗಿಸಿಟ್ಟರು. ಅದೇ ಮೊದಲ ಡಬ್ಬಿ. ಅದೇ ಸೆಪ್ಟೆಂಬರ್‌ನಲ್ಲಿ ಜಾಲತಾಣ ಬಂತು. ಈ ಹವ್ಯಾಸಕ್ಕೆ ಸರಿಯಾಗಿ ಒಂದೂವರೆ ವರ್ಷವೂ ತುಂಬಿರಲಿಲ್ಲ, ನ್ಯೂಯಾರ್ಕ್‌ನ ಅವಳಿ ಗೋಪುರಗಳು ಉರುಳಿದವು.

ಹಳೆಯ ಆಟಗಾರರಿಗೆ ಸೈನ್ಯದ ಹಸಿರು ಮದ್ದುಗುಂಡಿನ ಪೆಟ್ಟಿಗೆಗಳೆಂದರೆ ಬಲು ಇಷ್ಟ. ನೀರು ನುಗ್ಗುವುದಿಲ್ಲ, ತುಕ್ಕು ಬೇಗ ಹಿಡಿಯುವುದಿಲ್ಲ. ಆದರೆ ಸೆಪ್ಟೆಂಬರ್ 11ರ ನಂತರದ ಅಮೆರಿಕದಲ್ಲಿ ಅಂಥ ಪೆಟ್ಟಿಗೆ ಸೇತುವೆಯ ಕೆಳಗೆ ಕಂಡರೆ ಬಾಂಬ್ ನಿಷ್ಕ್ರಿಯ ದಳ ಬರುತ್ತದೆ; ನಿಜವಾಗಿಯೂ ಬಂದ ಪ್ರಸಂಗಗಳಿವೆ. ಹಾಗಾಗಿ ಹೆದ್ದಾರಿ ಸೇತುವೆ, ಅಣೆಕಟ್ಟು, ವಿಮಾನ ನಿಲ್ದಾಣ, ಸರ್ಕಾರಿ ಕಟ್ಟಡ, ಶಾಲೆಗಳ ಸುತ್ತ ಡಬ್ಬಿ ಇಡುವುದರ ಮೇಲೆ ನಿರ್ಬಂಧ ಬಂದಿದೆ. ಹೊರಗೆ ಇದು ಏನೆಂದು ಬರೆದ ಚೀಟಿ ಅಂಟಿಸಬೇಕು ಎಂಬ ಸಲಹೆಯೂ ಇದೆ. ಇದನ್ನು ನಮ್ಮವರು ಇನ್ನೂ ಗಂಭೀರವಾಗಿ ತೆಗೆದುಕೊಳ್ಳಬೇಕು. ಸೆಪ್ಟೆಂಬರ್ 11ರ ದಾಳಿಯಾದ ನಾಲ್ಕನೆಯ ದಿನ ಆರಿಜೋನಾದ ಮೆಸಾದಲ್ಲಿ ಸಿಖ್ಖರಾದ ಬಲ್ಬೀರ್ ಸಿಂಗ್ ಸೋಧಿಯವರನ್ನು ಅವರ ಪೇಟ ಮತ್ತು ಗಡ್ಡ ನೋಡಿ, ದಾಳಿಕೋರರ ಕಡೆಯವರೆಂದು ತಪ್ಪಾಗಿ ಭಾವಿಸಿ ಗುಂಡಿಟ್ಟು ಕೊಂದರು. ಕಂದು ಮೈಬಣ್ಣದ ನಾವು ರೈಲು ನಿಲ್ದಾಣದ ದೀಪದ ಕಂಬದ ಬುಡದಲ್ಲಿ ಕೈಯಾಡಿಸುತ್ತಿದ್ದರೆ ದಾರಿಹೋಕರಿಗೆ ಹೇಗೆ ಕಾಣಬಹುದು ಎಂಬ ಎಚ್ಚರ ನನ್ನನ್ನು ಎಂದೂ ಬಿಟ್ಟಿಲ್ಲ. ಕತ್ತಲಾದ ಮೇಲೆ ನಾವು ಹುಡುಕುವುದಿಲ್ಲ. ಯಾರಾದರೂ ಕೇಳಿದರೆ ಫೋನ್ ತೋರಿಸಿ ಆಟವನ್ನು ವಿವರಿಸುತ್ತೇವೆ. ಪೊಲೀಸ್ ಅಧಿಕಾರಿಯೊಬ್ಬರು ವಿವರಣೆ ಕೇಳಿದ ಮೇಲೆ ನಮ್ಮೊಡನೆ ತಾವೂ ಬಗ್ಗಿ ಹುಡುಕಿದರು, ಅದನ್ನೂ ಹೇಳಬೇಕು.

ನಾನು ಈ ವಿಮರ್ಶೆ ಬರೆಯುತ್ತಿರುವುದು ಮುಖ್ಯವಾಗಿ ಡಬ್ಬಿಯೇ ಇಲ್ಲದ ಬಗೆಯೊಂದಕ್ಕಾಗಿ. ವರ್ಚುವಲ್ ಕ್ಯಾಷ್ ಎಂದು ಅದರ ಹೆಸರು. ಆ್ಯಪ್ ನಿಮ್ಮನ್ನು ಒಂದು ಜಾಗಕ್ಕೆ ಕರೆದೊಯ್ಯುತ್ತದೆ. ಅಲ್ಲಿ ಹುಡುಕಲು ಏನೂ ಇರುವುದಿಲ್ಲ, ಒಂದೆರಡು ಪ್ರಶ್ನೆಗಳಿರುತ್ತವೆ. ಕಲ್ಲಿನ ಮೇಲೆ ಕೆತ್ತಿದ್ದನ್ನು ಓದದೆ, ಎಣಿಸದೆ ಉತ್ತರಿಸಲಾಗದು. ಉತ್ತರವನ್ನು ಅದನ್ನು ರೂಪಿಸಿದವರಿಗೆ ಕಳುಹಿಸಬೇಕು. 2005ರಲ್ಲಿ ಇಂಥವನ್ನು ಹೊಸದಾಗಿ ಸೇರಿಸುವುದನ್ನು ನಿಲ್ಲಿಸಿದರು. 2017ರಿಂದ ಆಗೀಗ ಕೆಲವು ಆಯ್ದ ಆಟಗಾರರಿಗೆ ಮಾತ್ರ ಅನುಮತಿ ಸಿಗುತ್ತಿದೆ. ಸ್ಮಾರಕಗಳ ಮುಂದೆ ಡಬ್ಬಿ ಅಡಗಿಸುವುದು ಅಸಭ್ಯ, ಹಲವೆಡೆ ನಿಷಿದ್ಧ. ಆದ್ದರಿಂದ ಅಂಥ ಸ್ಥಳಗಳಿಗೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆಯನ್ನು ನಾನು ಊಹಿಸಲಾರೆ.

ಜರ್ಸಿ ಸಿಟಿಯ ಲಿಬರ್ಟಿ ಸ್ಟೇಟ್ ಪಾರ್ಕ್‌ನಲ್ಲಿ ‘ಎಂಪ್ಟಿ ಸ್ಕೈ’ ಸ್ಮಾರಕವಿದೆ. ಎದುರುಬದುರಾಗಿ ನಿಂತ ಎರಡು ಉಕ್ಕಿನ ಗೋಡೆಗಳು, ಎತ್ತರ 30 ಅಡಿ, ಉದ್ದ 210 ಅಡಿ. ನಡುವಿನ ಹಾದಿ ಹಡ್ಸನ್ ನದಿಯಾಚೆ ಗೋಪುರಗಳು ಇದ್ದ ದಿಕ್ಕಿಗೆ ತೆರೆದುಕೊಳ್ಳುತ್ತದೆ. ಗೋಡೆಗಳ ಮೇಲೆ ನ್ಯೂಜೆರ್ಸಿಯ ನಂಟಿದ್ದ 749 ಜನರ ಹೆಸರುಗಳಿವೆ, ಕೈಗೆ ಎಟುಕುವ ಎತ್ತರದಲ್ಲಿ. ಆ ಉದ್ಯಾನಕ್ಕೆ ನಾವು ಎಷ್ಟೋ ಸಲ ಹೋಗಿದ್ದೆವು, ಗಾಳಿಪಟ ಹಾರಿಸಿ, ದೋಣಿ ನೋಡಿ ಬಂದಿದ್ದೆವು. ಗೋಡೆಗಳ ನಡುವೆ ಕಾಲಿಟ್ಟದ್ದು ಆಟದ ಪ್ರಶ್ನೆಗೆ ಉತ್ತರ ಹುಡುಕಲೆಂದು. ಪ್ರಶ್ನೆ ಏನೆಂದು ಇಲ್ಲಿ ಬರೆಯುವುದಿಲ್ಲ, ಮುಂದೆ ಹೋಗುವವರಿಗೆ ಅದು ಉಳಿದಿರಲಿ. ಮಗಳು ಬೆರಳಿನಿಂದ ಅಕ್ಷರಗಳನ್ನು ಮುಟ್ಟುತ್ತಾ ನಡೆದಳು. ಒಂದು ಕಡೆ ನಿಂತು, “ಅಮ್ಮಾ, ಇವರ ಹೆಸರು ನಮ್ಮ ಹೆಸರಿನ ಹಾಗೇ ಇದೆ” ಎಂದಳು. ಅಂದು ಕಚೇರಿಗೆಂದು ಹೋದ ಭಾರತೀಯರ ಹೆಸರುಗಳೂ ಅಲ್ಲಿವೆ ಎಂದು ನಾನು ಅವಳಿಗೆ ಅದುವರೆಗೆ ಹೇಳಿರಲಿಲ್ಲ. ಶಾಲೆಯಲ್ಲಿ ಪ್ರತಿ ಸೆಪ್ಟೆಂಬರ್‌ನಲ್ಲೂ ಮೌನ ಆಚರಿಸುವ ಹುಡುಗಿ, ಆ ಮೌನ ಯಾರಿಗಾಗಿ ಎಂದು ಕೇಳತೊಡಗಿದ್ದು ಆ ದಿನದಿಂದ.

ಅಲ್ಲಿಂದ ಮುಂದೆ ನಮ್ಮ ವಾರಾಂತ್ಯಗಳ ದಿಕ್ಕೇ ಬದಲಾಯಿತು. ಮಿಡ್ಲ್‌ಟೌನ್ ಎಂಬ ಒಂದೇ ಊರು 37 ಜನರನ್ನು ಕಳೆದುಕೊಂಡಿತು. ರೈಲು ನಿಲ್ದಾಣದ ಪಕ್ಕದ ತೋಟದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕಲ್ಲು, ಕಲ್ಲಿನಲ್ಲಿ ಮುಖ. ವೆಸ್ಟ್ ಆರೆಂಜ್‌ನ ಈಗಲ್ ರಾಕ್ ಗುಡ್ಡದಿಂದ ಅಂದು ಜನ ಹೊಗೆಯನ್ನು ನೋಡುತ್ತಾ ನಿಂತಿದ್ದರು, ಈಗ ಅಲ್ಲೊಂದು ಸ್ಮಾರಕವಿದೆ. ಇವು ದೊಡ್ಡವು, ಹೇಗೋ ತಿಳಿದೀತು. ಚಿಕ್ಕವನ್ನು ತೋರಿಸಿದ್ದು ಈ ಆಟವೇ. ಕುಸಿದ ಗೋಪುರಗಳ ಉಕ್ಕಿನ ತುಂಡುಗಳು 50 ರಾಜ್ಯಗಳಿಗೂ ಹಂಚಿಕೆಯಾಗಿವೆ. ಅಗ್ನಿಶಾಮಕ ಠಾಣೆಗಳ ಅಂಗಳದಲ್ಲಿ, ಗ್ರಂಥಾಲಯದ ಮುಂದೆ, ಊರ ಮೂಲೆಯ ಪುಟ್ಟ ಉದ್ಯಾನದಲ್ಲಿ ಅವು ನಿಂತಿವೆ. ನಾವು ವರ್ಷಗಟ್ಟಲೆ ಕಾರಿನಲ್ಲಿ ಹಾದುಹೋಗುತ್ತಿದ್ದ ಒಂದು ಠಾಣೆಯ ಮುಂದೆಯೂ ಅಂಥದ್ದೊಂದಿತ್ತು. ಅದರ ಫಲಕದ ಅಂಕಿಗಳನ್ನು ಕೂಡಿ ಕಳೆದರೆ ಮುಂದಿನ ಜಾಗದ ಅಕ್ಷಾಂಶ ಸಿಗುವಂತೆ ಯಾರೋ ರೂಪಿಸಿದ್ದರು. ಆ ಜಾಗ ಅಲ್ಲಿಂದ ಸ್ವಲ್ಪ ದೂರದ ಕಾಡುದಾರಿಯಲ್ಲಿ.

ಆ ಡಬ್ಬಿಯಲ್ಲಿ ಒಂದು ಟ್ರಾವೆಲ್ ಬಗ್ ಇತ್ತು. ಸೈನಿಕರು ಕೊರಳಿಗೆ ಹಾಕುವಂಥ ಲೋಹದ ಬಿಲ್ಲೆ, ಮೇಲೆ ಸಂಖ್ಯೆ. ಕೈಯಿಂದ ಕೈಗೆ, ಡಬ್ಬಿಯಿಂದ ಡಬ್ಬಿಗೆ ಅದು ಸಾಗುವ ದಾರಿಯನ್ನೆಲ್ಲ ಆ್ಯಪ್ ದಾಖಲಿಸುತ್ತದೆ. ಈ ಬಿಲ್ಲೆಗೆ ಬೆರಳುದ್ದದ ಕೆಂಪು ಅಗ್ನಿಶಾಮಕ ವಾಹನವೊಂದನ್ನು ಕಟ್ಟಿದ್ದರು. ಪೆನ್ಸಿಲ್ವೇನಿಯಾದ ಶ್ಯಾಂಕ್ಸ್‌ವಿಲ್ ತಲುಪುವುದು ಅದರ ಗುರಿ ಎಂದು ಆ್ಯಪ್‌ನಲ್ಲಿ ಅದರ ಪುಟದಲ್ಲಿ ಬರೆದಿತ್ತು. ಮಗಳು ಅದನ್ನು ಕೆಳಗಿಡಲು ಒಪ್ಪಲಿಲ್ಲ. ಬೇಸಿಗೆ ರಜೆಯಲ್ಲಿ ಅದನ್ನು ಹೊತ್ತು ಅಲ್ಲಿಗೆ ಹೋದೆವು.

ಅಂದು ಅಪಹರಣವಾದ ವಿಮಾನಗಳಲ್ಲಿ ಒಂದಾದ, ನ್ಯೂವಾರ್ಕ್‌ನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟಿದ್ದ ಯುನೈಟೆಡ್ 93 ವಿಮಾನ ಬಿದ್ದದ್ದು ಅಲ್ಲಿ, ಬೆಳಿಗ್ಗೆ 10:03ಕ್ಕೆ. ವಿಮಾನದಲ್ಲಿದ್ದ 40 ಪ್ರಯಾಣಿಕರು ಮತ್ತು ಸಿಬ್ಬಂದಿ ಅಪಹರಣಕಾರರ ಮೇಲೆ ತಿರುಗಿಬಿದ್ದರು, ವಿಮಾನ ವಾಷಿಂಗ್ಟನ್ ತಲುಪಲಿಲ್ಲ. ಒಂದು ಕಾಲದಲ್ಲಿ ಕಲ್ಲಿದ್ದಲು ತೆಗೆದಿದ್ದ ಬಯಲು, ಅಂಚಿನಲ್ಲಿ ಹೆಮ್‌ಲಾಕ್ ಮರಗಳು, ಬಿದ್ದ ಜಾಗದ ಗುರುತಿಗೆ ಒಂದು ದೊಡ್ಡ ಬಂಡೆ. ಪ್ರವೇಶದ್ವಾರದ ಬಳಿ 93 ಅಡಿ ಎತ್ತರದ ಧ್ವನಿಗೋಪುರ, ಅದರಲ್ಲಿ 40 ಗಾಳಿಗಂಟೆಗಳು. ರಾಷ್ಟ್ರೀಯ ಉದ್ಯಾನ ಸೇವೆಯ ಜಾಗವಾದ್ದರಿಂದ ಇಲ್ಲಿ ಡಬ್ಬಿ ಅಡಗಿಸುವ ಮಾತಿಲ್ಲ. ಬಿಲ್ಲೆ ಇಲ್ಲಿಗೆ ಭೇಟಿ ಕೊಟ್ಟಿತು ಎಂದು ದಾಖಲಿಸಿ, ಅದನ್ನು ಹೊರಗೆ ಕೊಂಡೊಯ್ದು ಬೇರೊಂದು ಡಬ್ಬಿಯಲ್ಲಿ ಬಿಡಬೇಕು. ನಾವು ಹಾಗೇ ಮಾಡಿದೆವು.

ಸ್ಮಾರಕ ಕಟ್ಟುವ ಮೊದಲು ಅಲ್ಲಿ ಒಂದು ತಂತಿಬೇಲಿ ಮಾತ್ರ ಇತ್ತಂತೆ. ಜನ ಬಂದು ಟೋಪಿ, ಧ್ವಜ, ಅಗ್ನಿಶಾಮಕರ ಲಾಂಛನ, ಮಕ್ಕಳ ಆಟಿಕೆಗಳನ್ನು ಅದಕ್ಕೆ ಸಿಕ್ಕಿಸಿ ಹೋಗುತ್ತಿದ್ದರು. ಅವನ್ನು ಕಾಪಾಡಿ ಇಟ್ಟಿದ್ದಾರೆ. ಅದನ್ನು ಓದಿದಾಗ ಆ ಪುಟ್ಟ ಕೆಂಪು ವಾಹನವನ್ನು ಯಾರೋ ಏಕೆ ಪಯಣಕ್ಕೆ ಬಿಟ್ಟರೆಂದು ನನಗೆ ಸ್ಪಷ್ಟವಾಯಿತು. ತಾವು ಬರಲಾಗದಿದ್ದರೂ ತಮ್ಮ ಒಂದು ವಸ್ತುವಾದರೂ ಅಲ್ಲಿಗೆ ಮುಟ್ಟಲಿ ಎಂದು ಬಯಸುವುದು ಪೂಜೆಗೆ ಹತ್ತಿರದ ಕೆಲಸ. ದಾರಿಯಲ್ಲಿ ಅದನ್ನು ಹೊತ್ತು ತಂದ ಅಪರಿಚಿತರೆಲ್ಲರ ಹೆಸರು ಆ ಪುಟದಲ್ಲಿದೆ. ಯಾರೂ ಅದನ್ನು ತಮ್ಮಲ್ಲೇ ಇಟ್ಟುಕೊಳ್ಳಲಿಲ್ಲ.

ಅರ್ಧ ನಕ್ಷತ್ರ ಕಳೆದದ್ದು ಎರಡು ಕಾರಣಕ್ಕೆ. ಉತ್ತರ ಸರಿಯಾಗಿ ದಾಖಲಾದ ಮೇಲೆ ನಕ್ಷೆಯಲ್ಲಿ ಹಳದಿ ನಗುಮುಖ ಮೂಡುತ್ತದೆ. ಕಾಡಿನ ಡಬ್ಬಿಗೆ ಅದು ಒಪ್ಪುತ್ತದೆ, 749 ಹೆಸರುಗಳ ಮೇಲೆ ಅದನ್ನು ನೋಡಲು ನನಗೆ ಕಷ್ಟವಾಗುತ್ತದೆ. ಸ್ಮಾರಕಗಳಿಗೆ ಬೇರೆ ಗುರುತು ಇರಬೇಕಿತ್ತು. ಇನ್ನೊಂದು ಆಟಗಾರರ ವಿಷಯ. ಸಂಖ್ಯೆ ಏರಿಸಿಕೊಳ್ಳುವ ಆತುರದಲ್ಲಿ ಆ್ಯಪ್‌ನಲ್ಲಿ ಸ್ಮಾರಕದ ಪುಟದ ಮೇಲೆ ‘ಧನ್ಯವಾದ, ಮುಂದಿನದಕ್ಕೆ ಹೊರಟೆ’ ಎಂಬ ಧಾಟಿಯಲ್ಲಿ ಒಂದೇ ಸಾಲು ಗೀಚಿ ಹೋಗುವವರು ಇದ್ದಾರೆ. ಎರಡು ವಾಕ್ಯ ಬರೆಯಿರಿ, ಇಲ್ಲವೇ ಆ ಜಾಗವನ್ನು ಬಿಟ್ಟುಬಿಡಿ.

ಹೊಸಬರಿಗೆ ಉಚಿತ ಖಾತೆ ಸಾಕು, ಆದರೆ ಕೆಲವು ಡಬ್ಬಿಗಳು ಶುಲ್ಕ ಕೊಟ್ಟ ಸದಸ್ಯರಿಗೆ ಮಾತ್ರ ಕಾಣುತ್ತವೆ. ಹುಡುಕುವಾಗ ವರ್ಚುವಲ್ ಬಗೆಯನ್ನು ಆರಿಸಿ. ಬೆಟ್ಟಗಳ ನಡುವೆ ಸಿಗ್ನಲ್ ಸಿಗದಿರಬಹುದಾದ್ದರಿಂದ ಪ್ರಶ್ನೆಗಳನ್ನು ಮೊದಲೇ ಕಾಗದದಲ್ಲಿ ಬರೆದುಕೊಂಡು ಹೋಗಿ. ಪೆನ್ಸಿಲ್ ಮರೆಯಬೇಡಿ, ಡಬ್ಬಿಯೊಳಗಿನ ಒದ್ದೆ ಕಾಗದದ ಮೇಲೆ ಪೆನ್ನು ಮೂಡುವುದಿಲ್ಲ. ಮಗಳ ಪಟ್ಟಿಯಲ್ಲಿ ಮುಂದಿರುವುದು ಪೆಂಟಗನ್ ಸ್ಮಾರಕ; ಅಂದೇ ಇನ್ನೊಂದು ವಿಮಾನ ಅಪ್ಪಳಿಸಿದ, ವಾಷಿಂಗ್ಟನ್ ಬಳಿಯ ರಕ್ಷಣಾ ಇಲಾಖೆಯ ಕೇಂದ್ರ ಕಚೇರಿ ಅದು. ಅಲ್ಲಿ 184 ಪೀಠಗಳನ್ನು ಸತ್ತವರ ವಯಸ್ಸಿನ ಕ್ರಮದಲ್ಲಿ, ಮೂರು ವರ್ಷದ ಮಗುವಿನಿಂದ 71ರ ಹಿರಿಯರವರೆಗೆ, ಸಾಲಾಗಿ ನಿಲ್ಲಿಸಿದ್ದಾರೆ. ಮೆಟ್ರೋದಲ್ಲಿ ಹೋಗುವುದು ಸುಲಭ. ಫೋಟೋ ತೆಗೆಯಲು ಸ್ಮಾರಕದ ಒಳಗೆ ಮಾತ್ರ ಅನುಮತಿ, ನಿಲ್ದಾಣದಿಂದ ನಡೆಯುವ ದಾರಿಯಲ್ಲಿ ಇಲ್ಲ. ಹಾಗಾಗಿ ಸ್ಮಾರಕ ತಲುಪುವವರೆಗೆ ಕ್ಯಾಮೆರಾ ತೆರೆಯಬೇಡಿ.