ನರ್ಸ್ ಕೆಲಸಕ್ಕೆ ಮಂಗಳೂರೋ, ಕಾಸರಗೋಡೋ?

ಈಗಷ್ಟೇ ಓದು ಮುಗಿಸಿದ್ದರೆ ಕರ್ನಾಟಕ-ಕೇರಳದ ತಲಪಾಡಿ ಗಡಿಯ ಈಚೆಗೇ, ಮಂಗಳೂರಿಗೇ ಬನ್ನಿ ಅನ್ನುತ್ತೇನೆ. ಮಂಗಳೂರಿನಲ್ಲಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳು ಹಲವು. ಐಸಿಯು, ಡಯಾಲಿಸಿಸ್, ಹೃದ್ರೋಗ ವಿಭಾಗಗಳಲ್ಲಿ ಕೈ ಪಳಗುತ್ತದೆ. ಕಾಸರಗೋಡಿನ ಎಷ್ಟೋ ರೋಗಿಗಳು ಬರುವುದೂ ಇಲ್ಲಿಗೇ. 2020ರ ಮಾರ್ಚ್‌ನಲ್ಲಿ ಗಡಿ ಮುಚ್ಚಿದಾಗ ಅವರು ಪಟ್ಟ ಪಾಡು ಮರೆಯುವಂಥದ್ದಲ್ಲ.

ಸಂಬಳದ ವಿಷಯದಲ್ಲಿ ಮಾತ್ರ ಕೇರಳದ ನರ್ಸ್‌ಗಳು ಬೀದಿಗಿಳಿದು ಗೆದ್ದಿದ್ದಾರೆ. ಖಾಸಗಿ ಆಸ್ಪತ್ರೆಗಳಲ್ಲಿ ಕನಿಷ್ಠ 20,000 ರೂಪಾಯಿ ಎಂದು ಅಲ್ಲಿನ ಸರ್ಕಾರ 2018ರಲ್ಲಿ ನಿಗದಿ ಮಾಡಿತು. ಆದರೂ ಆಫರ್ ಲೆಟರ್‌ನಲ್ಲಿ ಮೂಲವೇತನ ಎಷ್ಟೆಂದು ನೋಡದೆ ಸಹಿ ಹಾಕಬೇಡಿ.

ಭಾಷೆ? ಮಂಗಳೂರಿನ ವಾರ್ಡಿನಲ್ಲಿ ತುಳು, ಬ್ಯಾರಿ ಬಂದರೆ ರೋಗಿಯ ಅರ್ಧ ಭಯ ಇಳಿಯುತ್ತದೆ. ಕಾಸರಗೋಡಿನಲ್ಲಿ ಕನ್ನಡ ನಡೆಯುತ್ತದೆ, ದಕ್ಷಿಣಕ್ಕೆ ಹೋದಷ್ಟೂ ಮಲಯಾಳ ಬೇಕೇ ಬೇಕು.

ನರ್ಸ್‌ಗಳನ್ನು ನೋಂದಾಯಿಸುವ ನರ್ಸಿಂಗ್ ಕೌನ್ಸಿಲ್ ಎರಡೂ ಕಡೆ ಬೇರೆ. ನೋಂದಣಿ ಬದಲಾವಣೆಗೆ ಮೊದಲೇ ಅರ್ಜಿ ಹಾಕಿ.