ಡೆನಿಮ್ ಜಾಕೆಟ್: ಅಸಲಿ ವಿಂಟೇಜ್, ಸೆಕೆಂಡ್ ಹ್ಯಾಂಡ್, ಹೊಸ ‘ವಿಂಟೇಜ್ ಲುಕ್’

ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು 80ರ ದಶಕದ ಹಳೆ ಜಾಕೆಟ್‌ಗೆ. ಮೂರನ್ನೂ ಹಾಕಿ, ಒಗೆದು, ಮತ್ತೆ ಹಾಕಿ ನೋಡಿದ ಮೇಲೆ ಬಂದ ಮಾತು ಇದು.

ಸಾಮಾನ್ಯವಾಗಿ ಕನಿಷ್ಠ 20 ವರ್ಷ ಹಳೆಯದಾದರೆ ವಿಂಟೇಜ್, 100 ದಾಟಿದರೆ ಆಂಟಿಕ್ ಅಂತಾರೆ. ನನಗೆ ವಯಸ್ಸೊಂದೇ ಸಾಲದು. ತನ್ನ ಕಾಲದ ಬಟ್ಟೆ, ಹೊಲಿಗೆ, ಗುಂಡಿ ಅದರಲ್ಲಿ ಕಾಣಬೇಕು. ಅದಕ್ಕೇ ಯಾವ ಜಾಕೆಟ್ ಸಿಕ್ಕರೂ ಮೊದಲು ಒಳಮೈ ತಿರುಗಿಸಿ ನೋಡುತ್ತೇನೆ.

ತಲೆನೋವು ಕೊಟ್ಟಿದ್ದು ಎರಡನೆಯದು. ‘80ರ ದಶಕದ ವಿಂಟೇಜ್’ ಅಂತ ಹೇಳಿ ಮಾರಿದ್ದರು. ಹೊರಗಿನಿಂದ ನೋಡಿದರೆ ನಂಬುವಂತೆಯೇ ಇತ್ತು. ಕಾಲರ್ ಸವೆದಿತ್ತು, ಬಣ್ಣ ಮಾಸಿತ್ತು. ಪಕ್ಕದ ಹೊಲಿಗೆಗೆ ಸಿಕ್ಕಿಸಿದ್ದ ಬಿಳಿ ಪಟ್ಟಿಯನ್ನು ತಿರುಗಿಸಿದರೆ, ಕೆಳಗಿನ ಸಾಲಿನಲ್ಲಿ ಕಂಪನಿಯ ವೆಬ್‌ಸೈಟ್ ವಿಳಾಸ! ವೆಬ್ ಜನರ ಕೈಗೆ ಸಿಕ್ಕಿದ್ದೇ 1991ರಲ್ಲಿ. ಇನ್ನು 80ರ ದಶಕದ ಪಟ್ಟಿಯಲ್ಲಿ ಆ ವಿಳಾಸ ಎಲ್ಲಿಂದ ಬರಬೇಕು?

ಅದೇ ಪಟ್ಟಿಯಲ್ಲಿ ಎಲಾಸ್ಟೇನ್ 2% ಅಂತಲೂ ಇತ್ತು. ಎಲಾಸ್ಟೇನ್ ಅಂದರೆ ರಬ್ಬರಿನಂತೆ ಹಿಗ್ಗುವ ನೂಲು. ಅದು 1958ರಲ್ಲೇ ಬಂದಿದ್ದು, ಹಾಗಾಗಿ ಅದು ಇದ್ದ ಮಾತ್ರಕ್ಕೆ ಬಟ್ಟೆ ಹೊಸದು ಅನ್ನೋಕಾಗಲ್ಲ. ತೊಂದರೆ ಬೇರೆಯೇ. ಬಿಸಿ ತಾಗಿದಷ್ಟೂ ಈ ನೂಲು ಸೋಲುತ್ತದೆ. ಈ ಜಾಕೆಟ್‌ನ ಮೊಣಕೈ ಚೀಲದ ಹಾಗೆ ಜೋತುಬಿದ್ದಿತ್ತು. ಬೆಳಕಿಗೆ ಹಿಡಿದರೆ ಕೂದಲಿನಂಥ ಬಿಳಿ ಎಳೆಗಳು ಹೊರಗೆ ಇಣುಕುತ್ತಿದ್ದವು. ಕತ್ತರಿಸಿದರೆ ಮುಂದಿನ ಒಗೆತಕ್ಕೆ ಮತ್ತೆ ಹಾಜರ್. ತೇಪೆ ಹಾಕಿದರೂ ಸುತ್ತಲಿನ ಬಟ್ಟೆ ಜೋತೇ ಇರುತ್ತದೆ. ಬರೀ ಹತ್ತಿಯಾಗಿದ್ದರೆ ರಫು ಮಾಡಿಸಿ ಇನ್ನಷ್ಟು ಕಾಲ ಹಾಕಬಹುದಿತ್ತು. ಸೆಕೆಂಡ್ ಹ್ಯಾಂಡ್ ಅಂತಲೇ ಹೇಳಿ, ಅದರ ಬೆಲೆಗೆ ಮಾರಿದ್ದರೆ ನನಗೇನೂ ತಕರಾರಿರಲಿಲ್ಲ.

ಹೊಸ ‘ವಿಂಟೇಜ್ ಲುಕ್’ ಜಾಕೆಟ್ ಗಟ್ಟಿಯಾಗಿದೆ, ಅಳತೆಯೂ ಸರಿಯಾಗಿದೆ. ಆದರೆ ಮಾಸಿದ ಗೆರೆ ಒಂದು ಕಡೆ, ನನ್ನ ಕೈ ಮಡಚುವುದು ಇನ್ನೊಂದು ಕಡೆ.

ಲೀವೈಸ್ ಕಂಪನಿಯವರು ಜೇಬಿನ ಅಂಚಿಗೆ ಹೊಲಿಯುವ ಪುಟ್ಟ ಕೆಂಪು ಪಟ್ಟಿ ನೋಡಿ ಮರುಳಾಗಬೇಡಿ. ಆ ಪಟ್ಟಿಯ ಮೇಲಿನ ಹೆಸರಿನಲ್ಲಿ ಇಂಗ್ಲಿಷಿನ ‘ಇ’ (E) ಅಕ್ಷರ 1971ರ ಸುಮಾರಿಗೆ ದೊಡ್ಡದರಿಂದ ಸಣ್ಣದಾಯಿತು, ನಿಜ. ಆದರೆ ಹಳೆ ಮಾದರಿಯಲ್ಲಿ ಈಗ ಮತ್ತೆ ತಯಾರಿಸುವ ಬಟ್ಟೆಗಳಲ್ಲೂ ದೊಡ್ಡ ‘ಇ’ ಇರುತ್ತದೆ. ಹಾಗೇ, ಅಮೆರಿಕದಲ್ಲಿ ಒಗೆಯುವ ಸೂಚನೆಯ ಪಟ್ಟಿ ಕಡ್ಡಾಯವಾಗಿದ್ದು 1972ರಲ್ಲಿ. ಅದು ಇಲ್ಲದಿದ್ದರೆ ಒಳ್ಳೆ ಸುಳಿವು, ಆದರೆ ಯಾರೋ ಕತ್ತರಿಸಿರಲೂಬಹುದು ಅಲ್ವಾ? ಒಂದೇ ಗುರುತನ್ನು ನಂಬದೆ ಎರಡು ಮೂರನ್ನು ತಾಳೆ ನೋಡಿ.

ನನ್ನ ಮೆಚ್ಚಿನದರಲ್ಲೂ ಕೊರತೆ ಇದೆ. ಪಟ್ಟಿಯಲ್ಲಿ ಲಾರ್ಜ್ ಅಂತಿದ್ದರೂ ಈಗಿನ ಮೀಡಿಯಂನಷ್ಟೇ ಇದೆ. ಹಳೆಯದನ್ನು ಕೊಳ್ಳುವಾಗ ಪಟ್ಟಿ ಬಿಡಿ, ಒಂದು ಕಂಕುಳಿಂದ ಇನ್ನೊಂದಕ್ಕೆ ಟೇಪ್ ಹಿಡಿದು ಅಳೆಯಿರಿ. ಮುಗ್ಗಲು ವಾಸನೆ ಹೋಗಲು ಸುಮಾರು ದಿನ ಗಾಳಿಗೆ ಹರವಬೇಕಾಯಿತು. ಆದರೆ ಬಟ್ಟೆ ಬರೀ ಹತ್ತಿ, ದಪ್ಪ. ಭುಜದ ಜೋಡಿ ಹೊಲಿಗೆಯಲ್ಲಿ ಒಂದು ದಾರವೂ ಬಿಟ್ಟಿಲ್ಲ.

ನಾನು ಬಟ್ಟೆ ಕೊಳ್ಳುವುದೇ ಕಮ್ಮಿ, ಜಾಕೆಟ್ ಒಗೆಯುವುದು ಇನ್ನೂ ಕಮ್ಮಿ. ಹಾಗಾಗಿ ಒಂದಕ್ಕೇ ಜಾಸ್ತಿ ದುಡ್ಡು ಹಾಕಿದ್ದು ನನಗೆ ಸರಿಹೋಯಿತು. ವಾರವಾರ ಮಶಿನ್‌ಗೆ ಹಾಕುವವರು ನೀವಾದರೆ ಹೊಸದನ್ನೇ ತಗೊಳ್ಳಿ, ಹಳೆ ದಾರ ಅಷ್ಟು ಉಜ್ಜಾಟ ತಡೆಯುವುದಿಲ್ಲ.