81,000ದಿಂದ 1,46,000 ಕಿ.ಮೀ.: ಹಳೆಯ ಡೀಸೆಲ್ ಕಾರು, ವಿಜಯಪುರದ ನೀರು

2019ರ ದೀಪಾವಳಿಗೆ ಕೊಂಡ ಕಾರು. 2012ರ ಡೀಸೆಲ್ ಹ್ಯಾಚ್‌ಬ್ಯಾಕ್, ಕೆಎ 28 ನೋಂದಣಿ, ಮೀಟರಿನಲ್ಲಿ 81,000, ಬೆಲೆ 2,70,000 ರೂಪಾಯಿ. ಈಗ 1,46,000 ಆಗಿದೆ. ವಿಜಯಪುರದಿಂದ ಬಬಲೇಶ್ವರದ ಶಾಲೆಗೆ ದಿನಾ ಹೋಗಿ ಬರುತ್ತೇನೆ, ಆಗಾಗ ಸೊಲ್ಲಾಪುರ, ವರ್ಷಕ್ಕೆರಡು ಸಲ ಬೆಳಗಾವಿ. ಯಾವ ಕಂಪನಿಯ ಗಾಡಿ ಎಂದು ಬರೆಯುವುದಿಲ್ಲ. ಕೆಳಗಿನ ದೂರುಗಳಲ್ಲಿ ಹೆಚ್ಚಿನವು ಕಂಪನಿಗೆ ಸೇರಿದವೇ ಅಲ್ಲ. ಎಂಜಿನ್ ಮಾತ್ರ ಹೇಳುತ್ತೇನೆ: ಫಿಯೆಟ್ ರೂಪಿಸಿದ 1,248 ಸಿಸಿ ಡೀಸೆಲ್. ಒಂದು ಕಾಲಕ್ಕೆ ಮಾರುತಿ, ಟಾಟಾ ಸೇರಿ ಹಲವರ ಸಣ್ಣ ಕಾರುಗಳಲ್ಲಿ ಇದೇ ಇತ್ತು. 2020ರ ಏಪ್ರಿಲ್‌ನಲ್ಲಿ ಹೊಗೆಗೆ ಮಿತಿ ಹಾಕುವ ಬಿಎಸ್ 6 ನಿಯಮ ಬಂದ ಮೇಲೆ ಹೊಸ ಕಾರುಗಳಿಂದ ಮರೆಯಾಯಿತು. ಆದರೆ ಅಷ್ಟೊಂದು ಗಾಡಿಗಳು ಇನ್ನೂ ಓಡುತ್ತಿರುವುದರಿಂದ ಬಿಡಿಭಾಗಕ್ಕೆಂದು ನಾನು ಒಂದು ದಿನಕ್ಕಿಂತ ಹೆಚ್ಚು ಕಾದದ್ದಿಲ್ಲ.

ದೊಡ್ಡ ಪೆಟ್ಟು ಬಿದ್ದದ್ದು 2022ರ ಮೇ ತಿಂಗಳಲ್ಲಿ. ಸೊಲ್ಲಾಪುರದ ದಾರಿ, ಮಟಮಟ ಮಧ್ಯಾಹ್ನ, ಎಸಿ ಹಾಕಿತ್ತು. ಝಳಕಿ ದಾಟಿದ ಸ್ವಲ್ಪ ಹೊತ್ತಿಗೆ ಉಷ್ಣತೆಯ ಮುಳ್ಳು ಕೆಂಪು ಗೆರೆ ಮುಟ್ಟಿತು. ನಿಲ್ಲಿಸಿ ಬಾನೆಟ್ ಎತ್ತಿದರೆ ಹಬೆ. ಎಳೆದು ತಂದ ಗಾಡಿಗೆ 3,000 ಕೊಟ್ಟು ಊರಿಗೆ ಬಂದೆ. ಮರುದಿನ ಮಿಸ್ತ್ರಿ ರೇಡಿಯೇಟರಿನ ನೀರನ್ನು ಒಂದು ಪ್ಲಾಸ್ಟಿಕ್ ಮಗ್ಗಿಗೆ ಇಳಿಸಿ ನನ್ನ ಮುಂದೆ ಹಿಡಿದರು. "ಮಾಸ್ತರ್, ಇದು ಕೂಲಂಟ್ ಅಲ್ಲ, ಚಹಾ." ನಿಜಕ್ಕೂ ಹಾಲಿಲ್ಲದ ಚಹಾದ ಬಣ್ಣ. ತಳದಲ್ಲಿ ತುಕ್ಕಿನ ಪುಡಿ.

ಹಿಂದಿನ ಮಾಲೀಕರು ಕೂಲಂಟಿನ (ತುಕ್ಕು ತಡೆಯುವ ತಂಪುದ್ರವ) ಬದಲು ವರ್ಷಗಟ್ಟಲೆ ಬೋರ್‌ವೆಲ್ ನೀರು ಹಾಕಿದ್ದರು. ನಮ್ಮ ಕಡೆಯ ಸವಳು ನೀರು ಎಂಥದೆಂದು ಬಾತ್‌ರೂಮಿನ ಗೀಸರ್ ಬಿಚ್ಚಿದವರಿಗೆ ಗೊತ್ತು. ಅದೇ ಸುಣ್ಣ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಕಟ್ಟಿಕೊಂಡಿತ್ತು. ಅದಕ್ಕೆ ಗಾಡಿ ಕಾದಾಗ ಯಾರೋ ಜಾಣರು ಥರ್ಮೋಸ್ಟಾಟ್ ಕಿತ್ತೆಸೆದಿದ್ದರು. ಎಂಜಿನ್ ಹದವಾಗಿ ಬಿಸಿಯಾಗುವವರೆಗೆ ನೀರು ರೇಡಿಯೇಟರಿಗೆ ಹೋಗದಂತೆ ತಡೆಯುವ ಕವಾಟ ಅದು. ಚಳಿಗಾಲದಲ್ಲಿ ಮುಳ್ಳು ಮೇಲೇಳುವುದೇ ಇಲ್ಲವಲ್ಲ, ಎಷ್ಟು ತಂಪಾದ ಎಂಜಿನ್ ಎಂದು ನಾನು ಎರಡು ವರ್ಷ ಹೆಮ್ಮೆಪಟ್ಟಿದ್ದೆ!

ಎಂಜಿನ್ನಿನ ಬ್ಲಾಕ್ ಮತ್ತು ಮೇಲಿನ ಹೆಡ್ ನಡುವೆ ಸೋರದಂತೆ ಕೂರುವ ಹೆಡ್ ಗ್ಯಾಸ್ಕೆಟ್ ಸುಟ್ಟಿತ್ತು. ಬಿಲ್ಲು ಹೀಗೆ: ರೇಡಿಯೇಟರ್ 4,600, ವಾಟರ್ ಪಂಪ್ 2,200, ಥರ್ಮೋಸ್ಟಾಟ್ 1,400, ಗ್ಯಾಸ್ಕೆಟ್ ಸೆಟ್ 3,800, ಲೇತಿನಲ್ಲಿ ಹೆಡ್ ಸಮ ಮಾಡಿಸಿದ್ದು 2,500, ಆಯಿಲ್, ಫಿಲ್ಟರ್, ಕೂಲಂಟ್ 3,100, ಕೂಲಿ 9,000. ಈ ಎಂಜಿನ್ನಿನಲ್ಲಿ ವಾಲ್ವುಗಳನ್ನು ಹೊತ್ತಿಗೆ ಸರಿಯಾಗಿ ಆಡಿಸಲು ಟೈಮಿಂಗ್ ಬೆಲ್ಟ್ ಇಲ್ಲ, ಚೈನ್ ಇದೆ. ಬೆಳಿಗ್ಗೆ ಮೊದಲ ಸಲ ಚಾಲೂ ಮಾಡಿದಾಗ ಅದು ಕ್ಷಣಕಾಲ ಕರಕರ ಎನ್ನುತ್ತಿತ್ತು. ಹೇಗೂ ಬಿಚ್ಚಿದೆ ಎಂದು ಅದರ ಕಿಟ್ಟನ್ನೂ 8,200ಕ್ಕೆ ಹಾಕಿಸಿದೆ. ಒಟ್ಟು 34,800.

ಆಮೇಲೆ ಮನೆಗೆ ಬಂದು ಗ್ಲೋವ್ ಬಾಕ್ಸಿನ ಸರ್ವಿಸ್ ಪುಸ್ತಕ ತೆಗೆದೆ. ಕೊಳ್ಳುವಾಗ ಮೊದಲ ನಾಲ್ಕು ಪುಟ ನೋಡಿ ಸಮಾಧಾನಪಟ್ಟಿದ್ದ ಪುಸ್ತಕ ಅದು. ಮೊಹರುಗಳಲ್ಲೆಲ್ಲ 'ಬಿಜಾಪುರ' ಎಂದೇ ಇದೆ. 2014ರ ನವೆಂಬರ್ 1ಕ್ಕೆ ಊರಿನ ಹೆಸರು ವಿಜಯಪುರ ಆಯಿತಲ್ಲ, 'ವಿಜಯಪುರ' ಎಂಬ ಒಂದು ಮೊಹರೂ ಅದರಲ್ಲಿ ಇಲ್ಲ. 40,000 ಕಿಲೋಮೀಟರಿಗೆ ನಿಂತುಬಿಟ್ಟಿದೆ. ಮುಂದಿನ ಖಾಲಿ ಹಾಳೆಗಳ ಕಾಲದಲ್ಲೇ ಬೋರಿನ ನೀರು ಒಳಹೊಕ್ಕಿದ್ದು. ಹಳೆಯ ಗಾಡಿ ನೋಡಲು ಹೋಗುವವರು ಎಂಜಿನ್ ಪೂರ್ತಿ ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆದು, ಬೆರಳು ಅದ್ದಿ ತುಕ್ಕು ಹತ್ತುತ್ತದೆಯೇ ನೋಡಿ. ಮಾರುವವರು ಮೊದಲೇ ಗಾಡಿ ಬಿಸಿ ಮಾಡಿ ಇಟ್ಟಿದ್ದರೆ ಇನ್ನೊಂದು ದಿನ ಬೆಳಿಗ್ಗೆ ಹೋಗಿ.

ಸಸ್ಪೆನ್ಷನ್ ನಮ್ಮ ನೆಲದ ಪಾಲು. ಎರೆಮಣ್ಣು ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುತ್ತದೆ, ಮೇಲಿನ ಡಾಂಬರು ಅಲೆ ಅಲೆಯಾಗುತ್ತದೆ. ಲಿಂಕ್ ರಾಡ್ ಎರಡು ಸಲ, ಲೋವರ್ ಆರ್ಮ್ ಜೋಡಿ, ಸ್ಟ್ರಟ್ ಮೌಂಟ್, ಕೂಲಿ ಸೇರಿ ಆರು ವರ್ಷಕ್ಕೆ 9,800. ದೂರುವಂಥದ್ದಲ್ಲ. ಕ್ಲಚ್ 96,000ದಲ್ಲಿ ಹೋಯಿತು, 9,200. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೈಲರ್ ಎಳೆಯುವ ಟ್ರ್ಯಾಕ್ಟರಿನ ಹಿಂದೆ, ಅದರ ಹಾಡು ಕೇಳುತ್ತ, ಅರ್ಧ ಕ್ಲಚ್ ಒತ್ತಿ ತೆವಳಿದ್ದರ ಫಲ. ತಪ್ಪು ನನ್ನ ಕಾಲಿನದು.

ಸಿಟ್ಟು ಬಂದದ್ದು ಎಸಿಯ ಮೇಲೆ. ತಂಪು ಕಡಿಮೆಯಾಯಿತೆಂದು ಹೋದಾಗಲೆಲ್ಲ ಒಬ್ಬ ಎಸಿಯವರು 1,500 ಪಡೆದು ಗ್ಯಾಸ್ ತುಂಬಿ ಕಳಿಸಿದರು. ಮೂರು ಸಲ. ಗ್ಯಾಸ್ ತಾನಾಗಿ ಖರ್ಚಾಗುವ ವಸ್ತುವಲ್ಲ, ಕಡಿಮೆಯಾದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ನಾಲ್ಕನೆಯ ಸಲ ಬೇರೆಯವರು ಡ್ಯಾಶ್‌ಬೋರ್ಡ್ ಬಿಚ್ಚಿ ಕೂಲಿಂಗ್ ಕಾಯಿಲ್ ಬದಲಿಸಿದರು, 6,500. ಇಲಿ ಕಡಿದ ವೈರಿಗೆ 2,600. ಬಾನೆಟ್ಟಿನೊಳಗೆ ಈಗ ನುಸಿಗುಳಿಗೆ ಕಟ್ಟಿದ್ದೇನೆ. ಕಾರು ಬಟ್ಟೆಯ ಪೆಟ್ಟಿಗೆಯಂತೆ ನಾರುತ್ತದೆ.

ಟೈರು, ಬ್ಯಾಟರಿ, ವಾಡಿಕೆಯ ಸರ್ವಿಸ್ ಬಿಟ್ಟು ರಿಪೇರಿಗೇ ಕೂಡಿಸಿದರೆ 70,400. ಅದರಲ್ಲಿ ಝಳಕಿಯ ಒಂದು ಮಧ್ಯಾಹ್ನದ್ದೇ 37,800. ಮೈಲೇಜ್ ಊರೊಳಗೆ 17, ಹೆದ್ದಾರಿಯಲ್ಲಿ 21, ಥರ್ಮೋಸ್ಟಾಟ್ ಹಾಕಿಸಿದ ಮೇಲೆ.

ಮೊನ್ನೆ ಒಬ್ಬರು 1,60,000ಕ್ಕೆ ಕೇಳಿದರು. ನೋಂದಣಿಯ 15 ವರ್ಷ 2027ಕ್ಕೆ ಮುಗಿಯುತ್ತದೆ. ಪರೀಕ್ಷೆಯಲ್ಲಿ ಪಾಸಾದರೆ ಇನ್ನೈದು ವರ್ಷ ಸಿಗುತ್ತದೆ, ಹಸಿರು ತೆರಿಗೆ ಬೇರೆ. ಇಷ್ಟೆಲ್ಲ ಹೊಸದು ಹಾಕಿಸಿ ಇನ್ನೊಬ್ಬರ ಕೈಗೆ ಕೊಡುವ ಮನಸ್ಸಿಲ್ಲ. ಸ್ಟಿಯರಿಂಗ್ ರ‍್ಯಾಕ್ ಈಚೆಗೆ ಸದ್ದು ಮಾಡುತ್ತಿದೆ, ಮಿಸ್ತ್ರಿ 6,000 ಹೇಳಿದ್ದಾರೆ. ಕಬ್ಬಿನ ಟ್ರ್ಯಾಕ್ಟರುಗಳು ರಸ್ತೆ ಬಿಟ್ಟ ಮೇಲೆ ಬರುತ್ತೇನೆ ಎಂದಿದ್ದೇನೆ.